ಗಿನಿ ಪಿಗ್ ಕುಂಟುತ್ತಿದೆಯಾ? ಕಾಲಿನ ಆರೈಕೆ ಮತ್ತು ಜೊತೆಯ ಪ್ರಶ್ನೆ

ಗಿನಿ ಪಿಗ್ ನೋವನ್ನು ಮುಚ್ಚಿಡುವ ಪ್ರಾಣಿ. ಬೇಟೆಗೆ ಸಿಗುವ ಜಾತಿ ಅದು. ಗುಂಪಿನಲ್ಲಿ ಯಾವುದು ಸೊರಗಿದೆಯೋ ಅದರ ಮೇಲೇ ಬೇಟೆಗಾರನ ಕಣ್ಣು ಬೀಳುತ್ತದೆ, ಅದಕ್ಕೇ ಏನೂ ಆಗಿಲ್ಲವೆಂಬಂತೆ ಇರುವುದು ಅದರ ರಕ್ತದಲ್ಲೇ ಇದೆ. ನಮ್ಮ ಕಣ್ಣಿಗೆ ಬೀಳುವಷ್ಟು ಕುಂಟುತ್ತಿದೆ ಎಂದರೆ ನೋವು ಮುಚ್ಚಿಡಲಾಗದಷ್ಟು ಜಾಸ್ತಿಯಾಗಿದೆ ಎಂದೇ ಲೆಕ್ಕ. "ಒಂದು ವಾರ ನೋಡೋಣ, ತಾನೇ ಸರಿಹೋಗುತ್ತೆ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಕುಂಟು ಕಂಡ ಕೂಡಲೇ ಬಹಳ ಜನ ಇನ್ನೊಂದು ಕೆಲಸ ಮಾಡುತ್ತಾರೆ. ಪ್ರಾಣಿಯನ್ನು ಎತ್ತಿ ಬೇರೆ ಕೋಣೆಯಲ್ಲಿ, ಒಂದು ಪೆಟ್ಟಿಗೆಯಲ್ಲಿ ಒಂಟಿಯಾಗಿ ಇಡುತ್ತಾರೆ. ಉದ್ದೇಶ ಒಳ್ಳೆಯದೇ. ಕಾಲಿಗೆ ವಿಶ್ರಾಂತಿ ಬೇಕು, ನಿಜ. ಆದರೆ ಗುಂಪಿನಲ್ಲಿ ಬದುಕುವ ಪ್ರಾಣಿಯನ್ನು ನೋವಿನ ಹೊತ್ತಿನಲ್ಲಿ ಒಂಟಿ ಮಾಡಿದರೆ ಅದು ಮಂಕಾಗಿ ತಿನ್ನುವುದನ್ನೇ ಬಿಡಬಹುದು. ಗಿನಿ ಪಿಗ್ ವಿಷಯದಲ್ಲಿ ಮುರಿದ ಕಾಲಿಗಿಂತ ಖಾಲಿ ಹೊಟ್ಟೆ ಬೇಗ ಪ್ರಾಣಕ್ಕೆ ಬರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಕಾಲು ಮತ್ತು ಜೊತೆ ಎರಡನ್ನೂ ಒಟ್ಟಿಗೇ ನೋಡಿದ್ದೇನೆ.

1. ಈಗಲೇ ಹೊರಡಬೇಕಾ, ನಾಳೆಯವರೆಗೆ ಕಾಯಬಹುದಾ?

ಮೊದಲು ಇದನ್ನು ತೀರ್ಮಾನಿಸಿ. ಕೆಳಗಿನವುಗಳಲ್ಲಿ ಒಂದಿದ್ದರೂ ಮುಂದೆ ಓದುತ್ತಾ ಕೂರಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ ಹೊರಡಿ.

- ಕಾಲು ನೇತಾಡುತ್ತಿದೆ, ಸೊಟ್ಟಗೆ ತಿರುಗಿದೆ, ಅಥವಾ ಗಾಯದಲ್ಲಿ ಮೂಳೆ ಕಾಣುತ್ತಿದೆ.
- ಹಿಂದಿನ ಎರಡೂ ಕಾಲುಗಳನ್ನು ಎಳೆದುಕೊಂಡು ಹೋಗುತ್ತಿದೆ. ಬೆನ್ನುಮೂಳೆಗೆ ಪೆಟ್ಟಾಗಿರಬಹುದು.
- ಬೆಕ್ಕು ಅಥವಾ ನಾಯಿ ಬಾಯಿ ಹಾಕಿದೆ. ಗಾಯ ಸೂಜಿ ಮೊನೆಯಷ್ಟೇ ಇದ್ದರೂ ಸರಿ. ಬೆಕ್ಕಿನ ಹಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಒಳಗೇ ಕೀವು ಮಾಡುತ್ತದೆ.
- ತಿನ್ನುತ್ತಿಲ್ಲ, ಹಿಕ್ಕೆ ಹಾಕುತ್ತಿಲ್ಲ. 12 ಗಂಟೆ ಹೀಗೇ ಕಳೆದರೆ ಅದು ತುರ್ತು.
- ಬಾಯಿ ತೆರೆದು ಉಸಿರಾಡುತ್ತಿದೆ, ಅಥವಾ ಮುಟ್ಟಿದರೂ ಅಲುಗಾಡುತ್ತಿಲ್ಲ.
- ಬಸುರಿ ಗಿನಿ ಪಿಗ್ ಇದ್ದಕ್ಕಿದ್ದಂತೆ ಕಾಲು ಸೋತು ಕುಸಿದಿದೆ.

ಇವು ಯಾವುವೂ ಇಲ್ಲ, ತಿನ್ನುತ್ತಾ ಕುಡಿಯುತ್ತಾ ಇದೆ, ಸುಮ್ನೆ ಒಂದು ಕಾಲು ಊರಲು ಹಿಂಜರಿಯುತ್ತಿದೆ ಅಂದರೆ ಒಂದು ದಿನದೊಳಗೆ ವೈದ್ಯರಿಗೆ ತೋರಿಸಿದರೆ ಸಾಕು.

2. ಎತ್ತುವ ಮೊದಲು ನೋಡಿ

ಹೆದರಿದ ಗಿನಿ ಪಿಗ್ ನೋವನ್ನೂ ಮರೆತು ಓಡುತ್ತದೆ. ಹಾಗಾಗಿ ಕೂಡಲೇ ಕೈ ಹಾಕಬೇಡಿ. ನೆಲದ ಮೇಲೆ ಜಾರದಂಥ ಬಟ್ಟೆ ಹಾಸಿ, ಸ್ವಲ್ಪ ದೂರದಲ್ಲಿ ಅದಕ್ಕೆ ಇಷ್ಟದ ಸೊಪ್ಪು ಇಟ್ಟು, ತಾನಾಗಿ ನಡೆದು ಬರಲು ಬಿಡಿ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಇದು ಮುಖ್ಯ, ಯಾಕೆಂದರೆ ವೈದ್ಯರ ಟೇಬಲ್ ಮೇಲೆ ಅದು ಒಂದು ಹೆಜ್ಜೆಯನ್ನೂ ಇಡದೆ ಮರಗಟ್ಟಿ ಕೂರುತ್ತದೆ. ಆಗ ನಿಮ್ಮ ಮಾತಿಗಿಂತ ಅರ್ಧ ನಿಮಿಷದ ವಿಡಿಯೋ ಜಾಸ್ತಿ ಹೇಳುತ್ತದೆ.

ಗಮನಿಸಬೇಕಾದ್ದು ಇಷ್ಟು. ಯಾವ ಕಾಲು? ಪಾದವನ್ನು ಪೂರ್ತಿ ಎತ್ತಿಕೊಂಡಿದೆಯಾ, ಅಥವಾ ಊರಿ ಬೇಗ ತೆಗೆಯುತ್ತಿದೆಯಾ? ಎರಡೂ ಹಿಂಗಾಲನ್ನು ಒಟ್ಟಿಗೆ ಎತ್ತಿ ಮೊಲದಂತೆ ಕುಪ್ಪಳಿಸುತ್ತಿದೆಯಾ? ಬೆನ್ನು ಗೂನಾಗಿಸಿ, ಕೂದಲು ಉಬ್ಬಿಸಿ ಮೂಲೆಯಲ್ಲಿ ಕೂತಿದೆಯಾ? ಮೂತ್ರ ಮಾಡುವಾಗ ಕೀರಲು ದನಿಯಲ್ಲಿ ಕೂಗುತ್ತಿದೆಯಾ? ಈ ಕೊನೆಯದನ್ನು ಜನ ಬಿಟ್ಟುಬಿಡುತ್ತಾರೆ. ಮೂತ್ರಕೋಶದಲ್ಲಿ ಕಲ್ಲಾದರೂ ಗಿನಿ ಪಿಗ್ ಹಿಂಭಾಗವನ್ನು ಬಿಗಿಹಿಡಿದು, ಕಾಲು ನೋವಿರುವ ಹಾಗೇ ನಡೆಯುತ್ತದೆ.

3. ಪಾದ ಪರೀಕ್ಷಿಸುವ ಕ್ರಮ

ನೀವು ನೆಲದ ಮೇಲೆ ಕೂತುಕೊಳ್ಳಿ. ನಿಂತುಕೊಂಡು, ಸೋಫಾ ಮೇಲೆ ಕೂತು ಈ ಕೆಲಸ ಬೇಡ. ಗಿನಿ ಪಿಗ್ ಕಾಲು ಮುರಿಯುವ ದೊಡ್ಡ ಕಾರಣವೇ ಮನುಷ್ಯರ ಕೈಯಿಂದ ಜಾರಿ ಬೀಳುವುದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆಯಾಗಿ. ಎತ್ತಿದ ಕೂಡಲೇ ನಿಮ್ಮ ಮೈಗೆ ಒರಗಿಸಿಕೊಳ್ಳಿ. ಮೈ ಪೂರ್ತಿ ಟವೆಲ್‌ನಲ್ಲಿ ಸುತ್ತಿ, ನೋಡಬೇಕಾದ ಕಾಲನ್ನಷ್ಟೇ ಹೊರಗೆ ತೆಗೆದರೆ ಒಬ್ಬರೇ ಇದ್ದರೂ ನಿಭಾಯಿಸಬಹುದು. ಬೆನ್ನ ಮೇಲೆ ಅಂಗಾತ ಮಲಗಿಸಬೇಡಿ.

ನೋವಿಲ್ಲದ ಕಾಲಿನಿಂದ ಶುರು ಮಾಡಿ. ಸರಿಯಾದ ಕಾಲು ಹೇಗಿರುತ್ತದೆ ಅಂತ ಮೊದಲು ಗೊತ್ತಾದರೆ ತಾನೇ ಕೆಟ್ಟದ್ದು ಗೊತ್ತಾಗುವುದು? ಮುಂದಿನ ಪಾದದಲ್ಲಿ 4 ಬೆರಳು, ಹಿಂದಿನದರಲ್ಲಿ 3. ಆರೋಗ್ಯವಾಗಿರುವ ಅಂಗಾಲು ಮೆತ್ತಗೆ, ಒಣಗಿ, ಒಂದೇ ಬಣ್ಣದಲ್ಲಿರುತ್ತದೆ. ತಿಳಿ ಗುಲಾಬಿ ಇರಬಹುದು, ಕಪ್ಪು ಇರಬಹುದು, ಅದು ಅದರ ಮೈಬಣ್ಣಕ್ಕೆ ಬಿಟ್ಟಿದ್ದು. ಅಂಗಾಲು ಕೆಂಪಾಗಿ ಎಣ್ಣೆ ಹಚ್ಚಿದಂತೆ ಮಿಂಚುತ್ತಿದ್ದರೆ, ಹಿಮ್ಮಡಿಯ ಕಡೆ ದಪ್ಪಗಾಗಿದ್ದರೆ, ನಡುವೆ ಕಂದು ಬಣ್ಣದ ಹಕ್ಕಳೆ ಕಟ್ಟಿದ್ದರೆ ಅದು ಪಾದದ ಹುಣ್ಣು. ಹಕ್ಕಳೆಯನ್ನು ಕೀಳಬೇಡಿ. ಅದರ ಕೆಳಗೆ ಎಷ್ಟು ಆಳವಿದೆಯೋ ಹೊರಗಿನಿಂದ ಕಾಣುವುದಿಲ್ಲ.

ಆಮೇಲೆ ಬೆರಳುಗಳ ಸಂದು. ಉದ್ದ ಕೂದಲೋ, ಬಟ್ಟೆಯಿಂದ ಬಿಟ್ಟ ದಾರದ ಎಳೆಯೋ ಬೆರಳಿಗೆ ಸುತ್ತಿಕೊಂಡು ರಕ್ತ ಕಟ್ಟಿಸಿರುತ್ತದೆ. ಇಡೀ ಪಾದ ಚೆನ್ನಾಗಿದ್ದು ಒಂದೇ ಬೆರಳು ಊದಿ ನೀಲಿಯಾಗಿದ್ದರೆ ಮೊದಲು ಇದನ್ನೇ ಹುಡುಕಿ. ಎಳೆ ಮೇಲೇ ಸಡಿಲವಾಗಿ ಕಂಡರೆ ಬಿಡಿಸಿ. ಚರ್ಮದೊಳಗೆ ಹೂತಿದ್ದರೆ ವೈದ್ಯರೇ ತೆಗೆಯಬೇಕು. ಉಗುರು ಮುರಿದು ರಕ್ತ ಬರುತ್ತಿದ್ದರೆ ಕಾರ್ನ್ ಫ್ಲೋರ್ ಒತ್ತಿ ಕೆಲವು ನಿಮಿಷ ಹಿಡಿಯಿರಿ, ನಿಲ್ಲುತ್ತದೆ. ನಡುನಡುವೆ ಬೆರಳು ತೆಗೆದು ನಿಂತಿತಾ ಅಂತ ನೋಡುತ್ತಿದ್ದರೆ ನಿಲ್ಲುವುದಿಲ್ಲ.

ಕೊನೆಗೆ ಮಣಿಕಟ್ಟು, ಮೊಣಕಾಲು. ಎರಡು ಬೆರಳಲ್ಲಿ ಹಗುರವಾಗಿ ಮುಟ್ಟಿ, ಇನ್ನೊಂದು ಬದಿಯ ಕಾಲಿನ ಜೊತೆ ಹೋಲಿಸಿ. ಊತ, ಬಿಸಿ, ಗಂಟು ಇದೆಯಾ ನೋಡಿ. ಎಳೆದು, ಮಡಚಿ ನೋಡುವ ಪ್ರಯೋಗ ಬೇಡ. ಕೂಗಿದರೆ ಅಲ್ಲಿಗೇ ನಿಲ್ಲಿಸಿ, ಉತ್ತರ ಸಿಕ್ಕಿತಲ್ಲ.

4. ಸಾಮಾನ್ಯ ಕಾರಣಗಳು

ಬಿದ್ದ ಪೆಟ್ಟು ಎಲ್ಲರಿಗೂ ಹೊಳೆಯುವ ಕಾರಣ. ಮೊಣಕಾಲಿನ ಕೆಳಗಿನ ಮೂಳೆ ಮುರಿಯುವುದು ಹೆಚ್ಚು. ಮಹಡಿ ಇರುವ ಗೂಡಿನ ಇಳಿಜಾರು ಹಲಗೆ, ತಂತಿ ಜಾಲರಿಯ ನೆಲದಲ್ಲಿ ಸಿಕ್ಕಿಕೊಳ್ಳುವ ಪಾದ, ಓಡುವ ಚಕ್ರ, ಇವೂ ಆ ಪಟ್ಟಿಯಲ್ಲೇ ಬರುತ್ತವೆ. ಚಕ್ರ ಹ್ಯಾಮ್ಸ್ಟರ್‌ಗೆ ಸರಿ. ಗಿನಿ ಪಿಗ್ ಬೆನ್ನಿಗೆ ಅದು ಆಗಿಬರುವುದಿಲ್ಲ, ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ.

ಜನಕ್ಕೆ ಹೊಳೆಯದ ಕಾರಣ ವಿಟಮಿನ್ ಸಿ ಕೊರತೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ನಾಯಿ, ಬೆಕ್ಕು, ಮೊಲ ತಮಗೆ ಬೇಕಾದ ವಿಟಮಿನ್ ಸಿಯನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಗಿನಿ ಪಿಗ್‌ಗೆ ಮನುಷ್ಯರಂತೆಯೇ ಆ ಶಕ್ತಿ ಇಲ್ಲ. ಊಟದಲ್ಲಿ ಸಿಗದೆ ಹೋದರೆ ಎರಡು ಮೂರು ವಾರಗಳಲ್ಲೇ ಸ್ಕರ್ವಿ ಶುರುವಾಗುತ್ತದೆ. ಕೀಲುಗಳ ಸುತ್ತ ರಕ್ತ ಒಸರಿ ಊದಿಕೊಳ್ಳುತ್ತದೆ, ಕಾಲು ಊರಿದರೆ ನೋವು, ಒಸಡಿನಲ್ಲಿ ರಕ್ತ, ಕೂದಲು ಒರಟು. ಎತ್ತಿದರೆ ಕೂಗುತ್ತದೆ. ಮಾಲೀಕರು "ಎಲ್ಲೋ ಬಿದ್ದಿರಬೇಕು" ಅಂದುಕೊಳ್ಳುತ್ತಾರೆ.

"ನಾವು ವಿಟಮಿನ್ ಇರುವ ಪೆಲೆಟ್‌ನೇ ಹಾಕ್ತೀವಲ್ಲ" ಅನ್ನಬಹುದು. ಪೆಲೆಟ್‌ನಲ್ಲಿರುವ ಸಿ ಗಾಳಿ, ಬೆಳಕು, ಶಾಖಕ್ಕೆ ಕರಗುತ್ತಾ ಹೋಗುತ್ತದೆ. ತಯಾರಾಗಿ 3 ತಿಂಗಳು ದಾಟಿದ್ದನ್ನು ನಂಬಿಕೊಳ್ಳಬಾರದು. ದೊಡ್ಡ ಚೀಲ ಅಗ್ಗ ಅಂತ ತಂದು ಅರ್ಧ ವರ್ಷ ಹಾಕಿದರೆ ಕೊನೆಕೊನೆಗೆ ಹೊಟ್ಟೆ ತುಂಬುತ್ತದೆ, ವಿಟಮಿನ್ ಸಿಗುವುದಿಲ್ಲ. ಕುಡಿಯುವ ನೀರಿಗೆ ಹನಿ ಹಾಕುವುದು ಅದಕ್ಕಿಂತ ಕಷ್ಟದ ದಾರಿ. ನೀರಿನಲ್ಲಿ ಸಿ ಬೇಗ ಕೆಡುತ್ತದೆ, ರುಚಿ ಬದಲಾಗಿ ಅದು ನೀರು ಕುಡಿಯುವುದನ್ನೇ ಕಡಿಮೆ ಮಾಡಬಹುದು.

ದಿನಕ್ಕೆ ಬೇಕಾದ್ದು ಒಂದು ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ. ಕಾಯಿಲೆ ಬಿದ್ದಾಗ, ಬಸುರಿಯಲ್ಲಿ ಇನ್ನೂ ಹೆಚ್ಚು. 100 ಗ್ರಾಂ ಕೆಂಪು ಕ್ಯಾಪ್ಸಿಕಂನಲ್ಲಿ ಸುಮಾರು 125 ಮಿಲಿಗ್ರಾಂ ಇರುತ್ತದೆ. ಅಂದರೆ 20 ಗ್ರಾಮಿನ ಒಂದು ತುಂಡು ದಿನವೂ ಕೊಟ್ಟರೆ ದೊಡ್ಡ ಗಿನಿ ಪಿಗ್‌ನ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು. ಕಿತ್ತಳೆಗಿಂತ ಇದೇ ವಾಸಿ, ಸಕ್ಕರೆ ಕಡಿಮೆ.

ಮೂರನೆಯದು ಆಗಲೇ ಹೇಳಿದ ಪಾದದ ಹುಣ್ಣು. ಒದ್ದೆ ಹಾಸು, ಒರಟು ನೆಲ, ಮೈಭಾರ, ಉದ್ದ ಬೆಳೆದು ಸುರುಳಿಯಾದ ಉಗುರು, ಜೊತೆಗೆ ವಿಟಮಿನ್ ಸಿ ಕೊರತೆ, ಹೀಗೆ ಎರಡು ಮೂರು ಕೂಡಿ ಬರುತ್ತದೆ. ಉಗುರು ಉದ್ದವಾದರೆ ಪಾದ ಸಮವಾಗಿ ಊರುವುದಿಲ್ಲ, ಭಾರವೆಲ್ಲ ಒಂದೇ ಕಡೆ ಬೀಳುತ್ತದೆ. ತಿಂಗಳಿಗೊಮ್ಮೆ ಉಗುರು ಕತ್ತರಿಸುವುದು ಅಲಂಕಾರಕ್ಕಲ್ಲ. ಹುಣ್ಣು ಮೂಳೆಗೆ ಇಳಿದರೆ ವಾಸಿಯಾಗಲು ತಿಂಗಳುಗಳೇ ಬೇಕು.

ವಯಸ್ಸಾದವುಗಳಿಗೆ ಸಂಧಿವಾತ ಬರುತ್ತದೆ. ಗಿನಿ ಪಿಗ್ ಸಾಮಾನ್ಯವಾಗಿ 5ರಿಂದ 8 ವರ್ಷ ಬದುಕುತ್ತದೆ, ಹಾಗಾಗಿ 4 ವರ್ಷ ದಾಟಿದ ಮೇಲೆ ಮೆಲ್ಲಗೆ ಹೆಚ್ಚುವ ಕುಂಟನ್ನು ಈ ಕಡೆಯಿಂದಲೂ ನೋಡಬೇಕು. ಸ್ಯಾಟಿನ್ ತಳಿಯ, ಮಿರಿಮಿರಿ ಹೊಳೆಯುವ ಕೂದಲಿನ ಗಿನಿ ಪಿಗ್‌ಗಳಲ್ಲಿ ಮೂಳೆ ಸವೆದು ಮೆದುವಾಗುವ ಕಾಯಿಲೆ ಎಳೆ ವಯಸ್ಸಿನಲ್ಲೇ ಕಾಣಿಸಬಹುದು. ವೈದ್ಯರಿಗೆ ತಳಿ ಯಾವುದು ಅಂತ ಹೇಳಿ.

ಜೊತೆಯದು ಕಚ್ಚಿ ಆದ ಗಾಯವೂ ಇರಬಹುದು. ಕೂದಲು ಸರಿಸಿ ತೊಡೆ, ಸೊಂಟದ ಸುತ್ತ ನೋಡಿ. ಅಲ್ಲಿ ಹಲ್ಲಿನ ಗುರುತು ಇದ್ದರೆ ಮುಂದೆ ಹೇಳುವ ಜೊತೆಯ ಲೆಕ್ಕವೇ ಬದಲಾಗುತ್ತದೆ.

5. ಮನೆಯ ಔಷಧಿ ಪೆಟ್ಟಿಗೆ ಮುಚ್ಚಿಡಿ

ಮನುಷ್ಯರ ನೋವಿನ ಮಾತ್ರೆ ಚೂರು ಮಾಡಿ ಕೊಡಬೇಡಿ. ಪ್ಯಾರಾಸಿಟಮಾಲ್ ಬೇಡ, ಐಬುಪ್ರೊಫೆನ್ ಬೇಡ, ಆಸ್ಪಿರಿನ್ ಬೇಡ. ವೈದ್ಯರು ಹೆಚ್ಚಾಗಿ ಕೊಡುವುದು ಮೆಲಾಕ್ಸಿಕ್ಯಾಮ್, ಅದೂ ತೂಕ ನೋಡಿ ಹನಿ ಲೆಕ್ಕದಲ್ಲಿ.

ಆಂಟಿಬಯಾಟಿಕ್ ವಿಷಯ ಇನ್ನೂ ಗಂಭೀರ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೊಮೈಸಿನ್, ಎರಿಥ್ರೊಮೈಸಿನ್, ಇವು ಗಿನಿ ಪಿಗ್‌ನ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಆ ಜಾಗದಲ್ಲಿ ವಿಷ ಬಿಡುವ ಬ್ಯಾಕ್ಟೀರಿಯಾ ಬೆಳೆದು ಕೆಲವೇ ದಿನದಲ್ಲಿ ಸಾಯಬಹುದು. ನಾಯಿಗೆ, ಮಗುವಿಗೆ ದಿನಬೆಳಗಾದರೆ ಕೊಡುವ ಔಷಧಿಗಳೇ ಇವು, ಅದಕ್ಕೇ ಅಪಾಯ. ಗಿನಿ ಪಿಗ್‌ಗಳನ್ನು ಹೆಚ್ಚಾಗಿ ನೋಡದ ವೈದ್ಯರ ಬಳಿ ಹೋದರೆ "ಇದು ಗಿನಿ ಪಿಗ್‌ಗೆ ಬಾಯಲ್ಲಿ ಕೊಡಬಹುದಾ ಡಾಕ್ಟ್ರೇ?" ಅಂತ ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ವೈದ್ಯರು ಬೇಜಾರು ಮಾಡಿಕೊಳ್ಳುವುದಿಲ್ಲ. ನಾಯಿ ಬೆಕ್ಕು ಬಿಟ್ಟು ಸಣ್ಣ ಪ್ರಾಣಿಗಳನ್ನು ನೋಡುವ ಎಕ್ಸಾಟಿಕ್ ವೈದ್ಯರು ಸಿಕ್ಕರೆ ಅವರೇ ಮೊದಲ ಆಯ್ಕೆ.

ಮುರಿದಿದೆ ಅನ್ನಿಸಿದ ಕಾಲಿಗೆ ಮನೆಯಲ್ಲೇ ಕಡ್ಡಿ ಕಟ್ಟುವುದೂ ಬೇಡ. ಬಿಗಿಯಾದರೆ ರಕ್ತ ನಿಲ್ಲುತ್ತದೆ, ಸಡಿಲವಾದರೆ ಅದೇ ಕಡಿದು ನುಂಗುತ್ತದೆ.

6. ವೈದ್ಯರ ಬಳಿ ಹೋಗುವಾಗ

ಗಟ್ಟಿ ತಳದ ಪೆಟ್ಟಿಗೆ, ದಪ್ಪ ಟವೆಲ್, ಒಂದು ಹಿಡಿ ಒಣಹುಲ್ಲು, ನೀರಿನಂಶವಿರುವ ಸೌತೆಕಾಯಿ ತುಂಡು. ಊಟ ನಿಲ್ಲಿಸಿ ಕರೆದುಕೊಂಡು ಹೋಗಬೇಡಿ, ಗಿನಿ ಪಿಗ್ ವಾಂತಿ ಮಾಡುವುದಿಲ್ಲ. ಜೊತೆಯ ಗಿನಿ ಪಿಗ್ ಅನ್ನೂ ಕರೆದುಕೊಂಡು ಹೋಗಿ. ಅದು ಪಕ್ಕದಲ್ಲಿದ್ದರೆ ನೋವಿರುವುದು ದಾರಿಯಲ್ಲೂ ತಿನ್ನುತ್ತದೆ. ಮೇಲಾಗಿ ಎರಡರ ಮೈಗೂ ಒಂದೇ ವಾಸನೆ ಹತ್ತುತ್ತದೆ. ಒಂದೇ ಹೋಗಿ ಆಸ್ಪತ್ರೆಯ ವಾಸನೆ ಹೊತ್ತು ಬಂದರೆ ಮನೆಯಲ್ಲಿದ್ದದ್ದು ಅದನ್ನು ಹೊಸಬರಂತೆ ಮೂಸಿ ತಕರಾರು ತೆಗೆಯುವುದುಂಟು. ಕಾಲು ನೇತಾಡುವಂಥ ಪೆಟ್ಟಾಗಿದ್ದರೆ ಮಾತ್ರ ನಡುವೆ ಒಂದು ತಡೆ ಇರಲಿ.

ಎಕ್ಸ್‌ರೇ ಬೇಕೆಂದರೆ ಬೇಡ ಅನ್ನಬೇಡಿ. ಮುರಿತ, ಕೀಲು ಸವೆತ, ಮೂತ್ರಕೋಶದ ಕಲ್ಲು ಮೂರೂ ಅದರಲ್ಲೇ ಗೊತ್ತಾಗುತ್ತವೆ. ಊಟದಲ್ಲಿ ಏನೇನು ಕೊಡುತ್ತೀರಿ, ಹಾಸು ಯಾವುದು, ಎಂದು ಶುರುವಾಯಿತು ಅಂತ ಬರೆದುಕೊಂಡು ಹೋದರೆ ಒಳ್ಳೆಯದು.

7. ಮನೆಯಲ್ಲಿ ವಿಶ್ರಾಂತಿಯ ಜಾಗ

ಸುಮಾರು ಎರಡು ಅಡಿ ಉದ್ದ, ಎರಡು ಅಡಿ ಅಗಲ ಇದ್ದರೆ ಸಾಕು. ಓಡಾಡಬಾರದು, ಆದರೆ ತಿರುಗಿ ಮಲಗಲು ಆಗಬೇಕು. ಮಹಡಿ, ಹಲಗೆ, ಎತ್ತರದ ಹೊಸ್ತಿಲು ಯಾವುದೂ ಬೇಡ. ಕೆಳಗೆ ನೀರು ಹೀರುವ ಪದರ, ಮೇಲೆ ಮೆತ್ತನೆ ಫ್ಲೀಸ್ ಬಟ್ಟೆ. ಒದ್ದೆಯಾದ ಕೂಡಲೇ ಬದಲಿಸಿ, ಏಕೆಂದರೆ ಕುಂಟುವ ಪ್ರಾಣಿ ಒದ್ದೆಯಿಂದ ಎದ್ದು ದೂರ ಹೋಗುವುದಿಲ್ಲ, ಅಲ್ಲೇ ಕೂರುತ್ತದೆ. ದೇವದಾರಿನಂಥ ಘಾಟು ವಾಸನೆಯ ಮರದ ಹೊಟ್ಟು ಬೇಡ. ಕೋಣೆಯ ಶಾಖ 18ರಿಂದ 24 ಡಿಗ್ರಿ ಇದ್ದರೆ ಹಿತ. 30ರ ಹತ್ತಿರ ಹೋದರೆ ಆರೋಗ್ಯವಂತ ಗಿನಿ ಪಿಗ್‌ಗೇ ಕಷ್ಟ.

ಹುಲ್ಲು, ನೀರು ಎರಡೂ ಮೂತಿಯ ಎತ್ತರದಲ್ಲೇ, ಒಂದೆರಡು ಹೆಜ್ಜೆಯಲ್ಲೇ ಸಿಗಬೇಕು. ಗೋಡೆಗೆ ಎತ್ತರದಲ್ಲಿ ಕಟ್ಟಿದ ಬಾಟಲಿಗೆ ಹಿಂಗಾಲ ಮೇಲೆ ನಿಂತು ಕುಡಿಯಬೇಕಾದರೆ ಅದು ಕುಡಿಯುವುದನ್ನು ಬಿಡುತ್ತದೆ. ಅಗಲ ಬಾಯಿಯ ಭಾರದ ಬಟ್ಟಲೂ ಒಂದಿರಲಿ.

ಈಗ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಡಬ್ಬ ಇಟ್ಟು ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಇಪ್ಪತ್ತು ಮೂವತ್ತು ಗ್ರಾಂ ಹೆಚ್ಚುಕಮ್ಮಿ ಸಹಜ. ಒಂದೆರಡು ದಿನದಲ್ಲಿ 50 ಗ್ರಾಂ ಇಳಿದರೆ ವೈದ್ಯರಿಗೆ ಫೋನ್ ಮಾಡಿ. ಕಾಲು ವಾಸಿಯಾಗುತ್ತಿದೆಯೋ ಇಲ್ಲವೋ ಅನ್ನುವುದು ಕಣ್ಣಿಗೆ ಮೋಸ ಮಾಡಬಹುದು, ತಕ್ಕಡಿ ಮೋಸ ಮಾಡುವುದಿಲ್ಲ.

ತಿನ್ನುವುದು ಕಡಿಮೆಯಾದರೆ ಸಿರಿಂಜ್‌ನಲ್ಲಿ ಕೊಡಬೇಕಾಗುತ್ತದೆ. ಸಸ್ಯಾಹಾರಿ ಪ್ರಾಣಿಗಳಿಗೆಂದೇ ಸಿಗುವ ಪುಡಿ ವೈದ್ಯರ ಬಳಿ ಇರುತ್ತದೆ. ಆ ಹೊತ್ತಿಗೆ ಸಿಗದಿದ್ದರೆ ಪೆಲೆಟ್ ನೆನೆಸಿ ನುಣ್ಣಗೆ ಕಲಸಿಕೊಳ್ಳಿ. ಸೂಜಿ ಇಲ್ಲದ ಸಿರಿಂಜನ್ನು ಮುಂದಿನ ಹಲ್ಲಿನ ಪಕ್ಕದ ಸಂದಿನಿಂದ ತೂರಿಸಿ, ಒಂದು ಬಾರಿಗೆ ಅರ್ಧ ಮಿಲಿಯಷ್ಟೇ. ಅಗಿದು ನುಂಗಿದ ಮೇಲೆ ಮುಂದಿನದು. ತಲೆ ಹಿಂದಕ್ಕೆ ಬಾಗಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಜೋಪಾನ.

8. ಜೊತೆಯದನ್ನು ಎಲ್ಲಿಡುವುದು?

ಗೂಡನ್ನೇ ಎರಡು ಭಾಗ ಮಾಡಿ. ನಡುವೆ ತಲೆ ತೂರದಷ್ಟು ಸಣ್ಣ ಕಿಂಡಿಯ ಜಾಲರಿ ನಿಲ್ಲಿಸಿ. ಒಂದನ್ನೊಂದು ನೋಡಬೇಕು, ಮೂಸಬೇಕು, ಮಾತಾಡಿಕೊಳ್ಳಬೇಕು. ಮುಟ್ಟಿ ತಳ್ಳಾಡುವುದು ಮಾತ್ರ ಬೇಡ. ಎರಡೂ ಕಡೆ ಹುಲ್ಲಿನ ರಾಶಿಯನ್ನು ಜಾಲರಿಗೆ ಒತ್ತಿ ಇಡಿ. ಒಂದು ಮೆಲ್ಲುವ ಸದ್ದು ಕೇಳಿದರೆ ಇನ್ನೊಂದೂ ಬಂದು ಬಾಯಿ ಹಾಕುತ್ತದೆ. ಮಲಗುವ ಬಟ್ಟೆಗಳನ್ನು ದಿನಕ್ಕೊಮ್ಮೆ ಅದಲುಬದಲು ಮಾಡಿದರೆ ವಾಸನೆಯ ಪರಿಚಯ ಹೋಗುವುದಿಲ್ಲ.

ಎಲ್ಲ ಕುಂಟಿಗೂ ಜಾಲರಿ ಬೇಕಾಗಿಲ್ಲ. ಉಗುರು ಮುರಿದದ್ದು, ಪಾದದ ಹುಣ್ಣಿನ ಮೊದಲ ಹಂತ, ವಿಟಮಿನ್ ಕೊರತೆ, ಇವುಗಳಲ್ಲಿ ಜೊತೆಯದು ಸಾಧುವಾಗಿದ್ದರೆ ಒಟ್ಟಿಗೇ ಇರಲಿ. ಮುರಿತ, ಹೊಲಿಗೆ, ಪಟ್ಟಿ ಇದ್ದರೆ ಬೇರ್ಪಡಿಸಲೇಬೇಕು. ಜೊತೆಯದು ಪಟ್ಟಿಯನ್ನು ಕಡಿಯುತ್ತದೆ, ಮೇಲೆ ಹತ್ತಿ ಹಾಯುತ್ತದೆ. ಮೂಳೆ ಕೂಡಲು ಕೆಲವು ವಾರಗಳೇ ಹಿಡಿಯುತ್ತವೆ.

ಒಟ್ಟಿಗಿದ್ದರೆ ಊಟದ ಹೊತ್ತು ನೋಡಿ. ಕುಂಟುವುದು ಬಟ್ಟಲಿಗೆ ಬರುವಷ್ಟರಲ್ಲಿ ಇನ್ನೊಂದು ಕ್ಯಾಪ್ಸಿಕಂ ಮುಗಿಸಿರುತ್ತದೆ. ಪಾಪ, ಅದಕ್ಕೆ ಹಗೆ ಏನಿಲ್ಲ, ಕಾಲು ಗಟ್ಟಿಯಿದೆ ಅಷ್ಟೇ. ಎರಡು ಬಟ್ಟಲು ದೂರದೂರ ಇಡಿ. ಮಲಗುವ ಗೂಡಿಗೆ ಎರಡು ಬಾಗಿಲಿರಲಿ, ಒಂದೇ ಬಾಗಿಲಿದ್ದರೆ ಮೂಲೆಗೆ ಸಿಕ್ಕಿಕೊಂಡದ್ದು ಹೊರಬರಲಾಗದು. ದುರ್ಬಲವಾದದ್ದನ್ನು ಪದೇಪದೇ ಎಬ್ಬಿಸಿ ಓಡಿಸುವುದು, ಸೊಂಟದ ಮೇಲಿನ ಕೂದಲು ಕೀಳುವುದು, ಹಲ್ಲು ಕಟಕಟ ಅನ್ನಿಸುವುದು ಕಂಡರೆ ಜಾಲರಿ ಹಾಕಿ.

9. ಮತ್ತೆ ಒಂದು ಮಾಡುವುದು

ವಾರಗಟ್ಟಲೆ ಜಾಲರಿಯ ಆಚೀಚೆ ಇದ್ದವು ನಡುವಿನ ತಡೆ ತೆಗೆದ ಕೂಡಲೇ ಹಳೇ ಗೆಳೆತನಕ್ಕೆ ಮರಳುತ್ತವೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ. ಯಾರು ಮೇಲು ಯಾರು ಕೆಳಗೆ ಅನ್ನುವುದನ್ನು ಮತ್ತೊಮ್ಮೆ ತೀರ್ಮಾನಿಸಿಕೊಳ್ಳುತ್ತವೆ. ವೈದ್ಯರು ಓಡಾಡಲು ಒಪ್ಪಿಗೆ ಕೊಟ್ಟ ಮೇಲೇ ಇದಕ್ಕೆ ಕೈ ಹಾಕಿ.

ಎರಡಕ್ಕೂ ಸೇರದ ಜಾಗ ಬೇಕು. ಕೋಣೆಯ ನೆಲದಲ್ಲಿ ಜಾರದ ಬಟ್ಟೆ ಹಾಸಿ, ನಡುವೆ ದೊಡ್ಡ ಹುಲ್ಲಿನ ರಾಶಿ ಹಾಕಿ, ಗೂಡು ಪೆಟ್ಟಿಗೆ ಏನೂ ಇಡದೆ ಎರಡನ್ನೂ ಒಟ್ಟಿಗೆ ಬಿಡಿ. ಮೊದಲು ಮೂತಿ, ಆಮೇಲೆ ಹಿಂಭಾಗ ಮೂಸುತ್ತವೆ. ಒಂದು ಗುರ್ರ್ ಎಂದು ಗುನುಗುತ್ತಾ ಸೊಂಟ ತೂಗಿ ಸುತ್ತು ಹಾಕುತ್ತದೆ. ಮೇಲೆ ಹತ್ತುವುದು, ಸ್ವಲ್ಪ ಅಟ್ಟಿಸುವುದು, ಮೂತಿ ಎತ್ತಿ ನಿಲ್ಲುವುದು, ಇವೆಲ್ಲ ಮಾತುಕತೆ. ನಡುವೆ ಕೈ ಹಾಕಿದರೆ ತೀರ್ಮಾನ ಮುಂದಕ್ಕೆ ಹೋಗುತ್ತದೆ ಅಷ್ಟೇ. ಆದರೆ ಹತ್ತುವುದು ಪೆಟ್ಟಾದ ಹಿಂಗಾಲಿಗೆ ಭಾರ. ಹಾಗಾಗಿ ಕುಂಟಿ ವಾಸಿಯಾದದ್ದು ಕೆಳಗೆ ಸಿಕ್ಕಿ ಕೂಗಿದರೆ ಒಂದು ದಿಂಬನ್ನು ನಡುವೆ ತೂರಿಸಿ ಬಿಡಿಸಿ. ಈ ಒಂದು ವಿಷಯದಲ್ಲಿ ಮಾಮೂಲಿ ನಿಯಮ ಸಡಿಲಿಸಬೇಕು.

ಎರಡೂ ಮೈ ಉಬ್ಬಿಸಿ, ಹಲ್ಲು ಕಡಿಯುತ್ತಾ ಎದುರೆದುರು ನಿಂತವೆಂದರೆ ಎಚ್ಚರವಾಗಿರಿ. ಬಾಯಿ ತೆರೆದು ಮೇಲೆ ಹಾರಿದರೆ, ಉಂಡೆಯಾಗಿ ಉರುಳಿದರೆ, ರಕ್ತ ಬಂದರೆ ಅಲ್ಲಿಗೆ ನಿಲ್ಲಿಸಿ. ಬರಿಗೈ ಹಾಕಬೇಡಿ, ಹಲ್ಲು ಎಲುಬಿನವರೆಗೂ ಇಳಿಯುತ್ತದೆ. ಮೇಲೆ ದಪ್ಪ ಟವೆಲ್ ಎಸೆದು ಬೇರ್ಪಡಿಸಿ. ಒಂದೆರಡು ಗಂಟೆ ಕಳೆದು, ಪಕ್ಕಪಕ್ಕ ಹುಲ್ಲು ತಿನ್ನುತ್ತಾ ಕೂತವೆಂದರೆ, ಚೆನ್ನಾಗಿ ತೊಳೆದು ಸಾಮಾನುಗಳನ್ನೆಲ್ಲ ಜಾಗ ಬದಲಿಸಿದ ಗೂಡಿಗೆ ಇಬ್ಬರನ್ನೂ ಒಟ್ಟಿಗೆ ಬಿಡಿ.

10. ಒಂಟಿಯಾಗಿದ್ದರೆ

ಸ್ವಿಟ್ಜರ್ಲೆಂಡ್‌ನಲ್ಲಿ 2008ರಿಂದ ಗಿನಿ ಪಿಗ್ ಅನ್ನು ಒಂಟಿಯಾಗಿ ಸಾಕುವಂತಿಲ್ಲ, ಅದು ಕಾನೂನು. ಕಾನೂನಿಲ್ಲದ ಕಡೆಯೂ ಅವುಗಳ ಸ್ವಭಾವ ಅದೇ ತಾನೇ? ಆದರೂ ಕುಂಟುತ್ತಿರುವ ಒಂಟಿ ಗಿನಿ ಪಿಗ್‌ಗೆ "ಬೇಜಾರಾಗಬಾರದು" ಅಂತ ಈ ವಾರವೇ ಜೊತೆ ತರುವುದು ತಪ್ಪು. ನೋವಿನಲ್ಲಿರುವಾಗ ಹೊಸಬರೊಡನೆ ಗುದ್ದಾಟ ಅದಕ್ಕೆ ಬೇಡ. ಮೊದಲು ಕಾಲು ವಾಸಿಯಾಗಲಿ. ಅಲ್ಲಿಯವರೆಗೆ ಅದರ ಗೂಡನ್ನು ನೀವು ಹೆಚ್ಚು ಹೊತ್ತು ಇರುವ ಕೋಣೆಗೆ ತಂದು, ಪಕ್ಕದಲ್ಲಿ ಕೂತು, ಕೈಯಿಂದ ಸೊಪ್ಪು ತಿನ್ನಿಸಿ.

ಹೊಸದನ್ನು ತಂದ ಮೇಲೆ ಎರಡು ಮೂರು ವಾರ ಬೇರೆ ಕೋಣೆಯಲ್ಲಿಡಿ. ತುರಿ ಹುಳು, ಚರ್ಮದ ಹುಳುಕಡ್ಡಿ, ನೆಗಡಿ ಇದ್ದರೆ ಆ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಅದನ್ನು ಮುಟ್ಟಿ ಹಳೆಯದನ್ನು ಮುಟ್ಟುವ ಮೊದಲು ಕೈ ತೊಳೆಯಿರಿ.

ಗಂಡೋ ಹೆಣ್ಣೋ ಅನ್ನುವುದನ್ನು ಅಂಗಡಿಯವರ ಮಾತಿಗೆ ಬಿಡದೆ ವೈದ್ಯರಿಂದ ಖಚಿತ ಮಾಡಿಕೊಳ್ಳಿ. ಗಂಡು ಮರಿ 3 ವಾರಕ್ಕೇ, ಹೆಣ್ಣು 4 ವಾರಕ್ಕೇ ಮರಿ ಮಾಡುವಷ್ಟು ಬೆಳೆದಿರಬಹುದು. 6ರಿಂದ 8 ತಿಂಗಳು ದಾಟಿದ ಹೆಣ್ಣು ಮೊದಲ ಸಲ ಬಸುರಾದರೆ ಸೊಂಟದ ಮೂಳೆ ಬೆಸೆದು ಹೆರಿಗೆ ಕಷ್ಟವಾಗಿ ಸಾಯುವ ಅಪಾಯವಿದೆ. ಕುಂಟಿರುವ ಹೆಣ್ಣಿಗಂತೂ ಬಸಿರಿನ ಭಾರ ಬೇಡವೇ ಬೇಡ. ಎರಡು ಹೆಣ್ಣು, ಇಲ್ಲವೇ ಒಂದು ಹೆಣ್ಣಿಗೆ ಬೀಜ ತೆಗೆಸಿದ ಗಂಡು ಒಳ್ಳೆಯ ಜೋಡಿ. ಶಸ್ತ್ರಚಿಕಿತ್ಸೆ ಆಗಿ 6 ವಾರ ಕಾಯಬೇಕು. ಎರಡು ಗಂಡುಗಳೂ ಹೊಂದಿಕೊಳ್ಳುತ್ತವೆ, ಆದರೆ ಜಾಗ ಧಾರಾಳವಾಗಿರಬೇಕು ಮತ್ತು ಹತ್ತಿರದಲ್ಲಿ ಹೆಣ್ಣಿನ ವಾಸನೆ ಇರಬಾರದು. ಯಾವ ಜೋಡಿಯಾದರೂ 7.5 ಚದರ ಅಡಿ ನೆಲಕ್ಕಿಂತ ಕಡಿಮೆ ಬೇಡ.

ಮೊಲ ಜೊತೆಗಾಗುತ್ತದಾ ಅಂತ ಕೇಳುವವರು ಬಹಳ. ಬೇಡ. ಮೊಲದ ಒಂದು ಒದೆತ ಸಾಕು, ಗಿನಿ ಪಿಗ್‌ನ ಮೂಳೆ ಮುರಿಯಲು. ಮೊಲಕ್ಕೆ ಏನೂ ತೊಂದರೆ ಕೊಡದೆ ಅದರ ಮೂಗಿನಲ್ಲಿರುವ ಬೋರ್ಡೆಟೆಲ್ಲಾ ಬ್ಯಾಕ್ಟೀರಿಯಾ ಗಿನಿ ಪಿಗ್‌ಗೆ ನ್ಯುಮೋನಿಯಾ ತರುತ್ತದೆ. ಬೆಕ್ಕು, ನಾಯಿ ಎಷ್ಟೇ ಸಾಧುವಾದರೂ ಗೂಡಿನ ಹೊರಗೇ ಇರಲಿ. ಕುಂಟುವ ಸಣ್ಣ ಪ್ರಾಣಿಯ ಓಟ ನೋಡಿದರೆ ಅವುಗಳೊಳಗಿನ ಬೇಟೆಗಾರ ಏಳುತ್ತಾನೆ. ಚಿಕ್ಕ ಮಕ್ಕಳಿಗೂ ಒಂದೇ ನಿಯಮ: ನೆಲದ ಮೇಲೆ ಕೂತು, ಮಡಿಲಲ್ಲಿ ಟವೆಲ್ ಹಾಸಿ, ದೊಡ್ಡವರು ತಂದು ಕೊಡಬೇಕು. ಎತ್ತಿಕೊಂಡು ಓಡಾಡುವಂತಿಲ್ಲ.

11. ಕುಂಟು ಉಳಿದೇಬಿಟ್ಟರೆ

ಕೆಲವಕ್ಕೆ ಉಳಿಯುತ್ತದೆ. ಸಂಧಿವಾತ ಪೂರ್ತಿ ಹೋಗುವುದಿಲ್ಲ, ಕೆಲವೊಮ್ಮೆ ಕಾಲನ್ನೇ ತೆಗೆಯಬೇಕಾಗುತ್ತದೆ. ಮೂರು ಕಾಲಿನಲ್ಲೂ ಗಿನಿ ಪಿಗ್‌ಗಳು ಚೆನ್ನಾಗಿ ಬದುಕುತ್ತವೆ. ಆದರೆ ಉಳಿದ ಪಾದಗಳ ಮೇಲೆ ಭಾರ ಹೆಚ್ಚುವುದರಿಂದ ವಾರಕ್ಕೊಮ್ಮೆ ಅಂಗಾಲು ನೋಡಬೇಕು, ಮೈ ದಪ್ಪವಾಗಲು ಬಿಡಬಾರದು. ತೆಗೆದದ್ದು ಹಿಂಗಾಲಾದರೆ ಆ ಬದಿಯ ಕಿವಿ ಕೆರೆದುಕೊಳ್ಳಲು ಅದಕ್ಕೆ ಆಗುವುದಿಲ್ಲ. ದಿನಕ್ಕೊಮ್ಮೆ ನೀವೇ ಕಿವಿಯ ಹಿಂದೆ ಬೆರಳಾಡಿಸಿ ಕೆರೆದು ಕೊಡಿ. ಇಂಥದ್ದರ ಜೊತೆಗೆ ಕುಣಿದಾಡುವ ಎಳೆ ಗಂಡುಮರಿಗಿಂತ ವಯಸ್ಸಾದ, ನಿಧಾನ ಸ್ವಭಾವದ ಹೆಣ್ಣು ಹೊಂದುತ್ತದೆ. ಮುದಿ ಗಿನಿ ಪಿಗ್‌ಗಳನ್ನು ಬಿಟ್ಟುಕೊಡುವ ಆಶ್ರಯಧಾಮಗಳಿದ್ದರೆ ಮೊದಲು ಅಲ್ಲೇ ವಿಚಾರಿಸಿ. ಎಷ್ಟೋ ಕಡೆ ಕೊಡುವ ಮೊದಲು ನಿಮ್ಮದನ್ನೂ ಕರೆತರಲು ಹೇಳಿ, ಎರಡೂ ಹೊಂದುತ್ತವೆಯಾ ಅಂತ ಅವರೇ ಬಿಟ್ಟು ನೋಡುತ್ತಾರೆ.